ಹುಲಿಗೆಪ್ಪನ ನಂಬರು ಕೊಟ್ಟ ಒಪ್ಪಿಗೆ

ಸ್ವಪ್ನಾಲಿ ಕಳಿಸಿದ ಸಂದೇಶದ ಕೆಳಗೆ ಎರಡು ಬೂದು ಗುರುತು ಮೂಡಿದವು. ಆಕೆ ಕಣ್ಣು ಕೀಳದೆ ನೋಡುತ್ತಿದ್ದಂತೆಯೇ ಎರಡೂ ನೀಲಿಯಾದವು.

"ಓದಿದರು," ಎಂದಳು.

"ಯಾರವಾ?" ಸಾವಂತ್ರವ್ವ ಚಹಾದ ಬಸಿ ಕೆಳಗಿಟ್ಟು ಕತ್ತು ಚಾಚಿದಳು.

"ನಿಮ್ಮ ಯಜಮಾನರು, ಮಾವಶಿ."

ಸಾವಂತ್ರವ್ವ ಗೋಡೆಯ ಮೇಲಿನ ಪಟದ ಕಡೆ ತಿರುಗಿದಳು. ಹುಲಿಗೆಪ್ಪ ಹಳದಿ ರುಮಾಲು ಸುತ್ತಿಕೊಂಡು, ಹಾರದ ಒಳಗಿಂದ ನೆಟ್ಟಗೆ ನೋಡುತ್ತಿದ್ದ. ಅವನು ತೀರಿಕೊಂಡು ವರ್ಷ ದಾಟಿತ್ತು.

"ಬದಕಿದ್ದಾಗ ನಾ ಹೇಳಿದ್ದು ಒಂದೂ ಕಿವಿಗೆ ಹಾಕ್ಕೊಳ್ಳಲಿಲ್ಲ ಈ ಮನಷ್ಯಾ. ಈಗ ನೀ ಬರದದ್ದು ಓದಾಕ ಕುಂತಾನೇನು?" ಎಂದಳು ಮುದುಕಿ. ನಕ್ಕಳೋ ಬೈದಳೋ ತಿಳಿಯಲಿಲ್ಲ. ಎದ್ದು ಒಳಗೆ ಹೋಗಿ, ಸ್ವಪ್ನಾಲಿ ಕೇಳಿದ್ದ ಗಂಡನ ಮೊಬೈಲನ್ನು ಟ್ರಂಕಿನ ತಳದಿಂದ, ಅರಿವೆಯ ಸುತ್ತು ಬಿಚ್ಚಿ, ತಂದು ಕೈಗಿತ್ತಳು. ಗಾಜು ಸೀಳಿತ್ತು. ಸ್ವಪ್ನಾಲಿ ಉಗುರಿನಿಂದ ಪಕ್ಕದ ಸಂದು ಎಬ್ಬಿಸಿ ನೋಡಿದಳು. ಒಳಗೆ ಸಿಮ್ ಇರಲಿಲ್ಲ.

ಕೂತಲ್ಲಿ ಕೂರಲಾಗಲಿಲ್ಲ ಆಕೆಗೆ. ಎದ್ದು ಬಾಗಿಲ ತನಕ ಹೋದಳು, ಮತ್ತೆ ತಿರುಗಿ ಬಂದಳು. ಸ್ಕೂಟಿಯ ಕೀಲಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಳು. ಇದೇ ಆರಗ ಊರಿನ ಕಾಜಲಳ ಹಳೆಯ ಟೀಬಿ ರಿಪೋರ್ಟಿನ ಪ್ರತಿಯೊಂದು ಮ್ಹೈಸಾಳದ ಬೀಗರ ಮನೆ ಸೇರಿ, ಗೊತ್ತಾಗಿದ್ದ ಮದುವೆ ಮುರಿದಿತ್ತು. ಆ ಪ್ರತಿ ಕದ್ದವನು ಕಾಜಲಳ ಸ್ವಂತ ಅಣ್ಣ ಅಮರನೇ ಎಂದು, ಅವನು ಕಂಪ್ಯೂಟರ್ ಮುಂದೆ ಕೆಲಸ ಮಾಡುವ ಮಿರಜದ ಸಪ್ತಧಾರಾ ಲ್ಯಾಬು ಹೇಳುತ್ತಿತ್ತು. ವಿಚಾರಣೆಗೆಂದು ಲ್ಯಾಬಿನವರೇ ಕರೆಸಿದ್ದ ಸ್ವಪ್ನಾಲಿ ಮಗದುಮ್ 'ಹೌದು' ಎಂದು ಸಹಿ ಹಾಕಿದರೆ ಸಾಕು, ಇವತ್ತು ಸಂಜೆಯೊಳಗೆ ಅಮರ ಪೊಲೀಸರ ಕೈಯಲ್ಲಿ.

ಸಾಂಗ್ಲಿಯ ಪೊಲೀಸ್ ಸೈಬರ್ ಶಾಖೆಯಲ್ಲಿ ದುಡಿದು, ಮೇಲಿನವರೊಡನೆ ಜಗಳವಾಡಿ ಹೊರಬಿದ್ದ ಹೆಂಗಸು ಆಕೆ. ಸಹಿ ಅಗ್ಗವಾಗಿ ಹಾಕುವ ಅಭ್ಯಾಸ ಇರಲಿಲ್ಲ.

ಚೀಲದಿಂದ ಕಾಗದ ತೆಗೆದು ಮತ್ತೊಮ್ಮೆ ನೋಡಿದಳು. ಬೀಗರ ಮನೆಗೆ ಬಂದ ಪ್ರತಿ ಇದೇ. ಕೆಳಗಿನ ಮೂಲೆಯಲ್ಲಿ ಚುಕ್ಕಿ ಚುಕ್ಕಿಯ ಕಪ್ಪು ಚೌಕ. ಲ್ಯಾಬಿನ ಕೌಂಟರಿನಲ್ಲಿ ಮುದ್ರಿಸಿ ಕೊಡುವ ಕಾಗದಕ್ಕೆ ಆ ಚೌಕ ಇರುವುದಿಲ್ಲ, ಅದರ ಜಾಗದಲ್ಲಿ ನೀಲಿ ಮುದ್ರೆ ಇರುತ್ತದೆ. ಚೌಕ ಇರುವುದು ರೋಗಿಯ ಮೊಬೈಲಿಗೆ ಹೋಗುವ ಪ್ರತಿಗೆ ಮಾತ್ರ. ಅಂದರೆ ಇದು ಲ್ಯಾಬಿನೊಳಗಿಂದ ಹೊರಬಿದ್ದ ಕಾಗದವಲ್ಲ. ಯಾವುದೋ ಫೋನಿಗೆ ಹೋಗಿ, ಆ ಫೋನಿನಿಂದ ಮುದ್ರಣವಾದದ್ದು. ಲ್ಯಾಬಿನ ಯಂತ್ರದಲ್ಲಿ ಕಾಜಲಳ ಹೆಸರಿನ ಮುಂದೆ ಇದ್ದದ್ದು ಅವಳ ದೊಡ್ಡಪ್ಪ ಹುಲಿಗೆಪ್ಪನ ನಂಬರು.

ಕಾಜಲಳದಷ್ಟೇ ಆಗಿದ್ದರೆ ಸರಿ. ಅರ್ಧ ಆರಗದ ಹೆಸರುಗಳ ಮುಂದೆ ಅದೇ ನಂಬರು ಕೂತಿತ್ತು!

"ಅದರಾಗೇನು ಅಗದೀ ಸೋಜಿಗ?" ಎಂದಳು ಸಾವಂತ್ರವ್ವ. "ಇವರು ದಿನಾ ಮುಂಜಾನೆ ಟೆಂಪೋದಾಗ ಕಾಯಿಪಲ್ಲೆ ತುಂಬ್ಕೊಂಡು ಮಿರಜಕ್ಕ ಹೋಗತಿದ್ರು. ಊರಾಗ ಯಾರರ ರಕ್ತ ಕೊಟ್ಟು ಬಂದ್ರ ನಂಬರ ಯಾರದು ಬರಸೂದು? ಇವರದ. ಗುಳಿಗಿ, ಕಾಗದ, ಎಕ್ಸರೇ ಪಾಕೀಟು, ಎಲ್ಲಾ ಮೇಥಿ ಪೆಂಡಿ ಮ್ಯಾಲ ಕುಂತು ಬರತಿದ್ವು. ನನ್ನ ತವರಮನಿ ಮ್ಹೈಸಾಳದವರೂ 'ನಮ್ಮ ಅಳಿಯನ ನಂಬರ ಬರಕೋರಿ' ಅಂತಿದ್ರು."

"ಅವರು ಹೋದ ಮ್ಯಾಲ?"

"ಹೋದ ಮ್ಯಾಲೂ ಬರಸ್ತಾರ. ಮಂದಿಗೆ ತಮ್ಮ ತಮ್ಮ ನಂಬರ ನೆನಪಿಲ್ಲ, ಇವರದು ಬಾಯಿಪಾಠ ಆಗೇತಿ. ನಡಕೊಂಡು ಬಂದದ್ದ ಯಾಕ ಬಿಡಬೇಕು?" ಮುದುಕಿಯ ದನಿಯಲ್ಲಿ ಹೆಮ್ಮೆಯೇ ಇತ್ತು.

ಅಷ್ಟರಲ್ಲಿ ಸ್ವಪ್ನಾಲಿಯ ಫೋನು ಬಡಿದುಕೊಂಡಿತು. ರತ್ನದೀಪ, ಸಪ್ತಧಾರಾ ಲ್ಯಾಬಿನಲ್ಲಿ ಕಾಯ್ದೆ ಪಾಲನೆ ನೋಡುವ ಕಂಪ್ಲಾಯನ್ಸ್ ಅಧಿಕಾರಿ.

"ಅಹೋ ಮ್ಯಾಡಮ್, ಎಲ್ಲಿ ಹೋಗೀರಿ? ದೂರು ಟೈಪ್ ಆಗೇದ. ನಿಮ್ಮ ಒಂದು ಸಹಿ ಬಾಕಿ."

"ಅಮರ ಎಲ್ಲಿದ್ದಾನ?"

"ಮ್ಯಾಲಿನ ಖೋಲಿಯೊಳಗ ಕುಂಡ್ರಿಸೀವಿ. ಚಹಾ ಕೊಟ್ಟೀವಿ. ಹೊಡದಿಲ್ಲ, ಬಡದಿಲ್ಲ. ಅಂವ ತಂಗಿ ರಿಪೋರ್ಟ್ ತಗದು ನೋಡಿದ್ದು ಯಂತ್ರದಾಗ ಅದ. ಅಷ್ಟ ಸಾಕಲ್ಲ?"

"ನೋಡಿದವ ಎಲ್ಲಾ ಕಳ್ಳ ಆಗ್ತಾನೇನು, ರತ್ನದೀಪ ಅವರ? ಒಂದು ಕೇಳತೀನಿ ಹೇಳ್ರಿ. ಹೊಸ ಕಾಯ್ದೆ ಪ್ರಕಾರ ರೋಗಿಗಳ ಒಪ್ಪಿಗೆ ತಗೊಂಡೀರಲ್ಲ, ಆರಗದಿಂದ ಎಷ್ಟು ಮಂದಿದು ಬಂತು?"

"ಎಲ್ಲಾರದೂ!" ರತ್ನದೀಪನ ದನಿ ಅರಳಿತು. "ಸಾಂಗ್ಲಿಯೊಳಗ ಕಲತ ಮಂದಿ ಇನ್ನೂ ಉತ್ತರ ಕೊಟ್ಟಿಲ್ಲ. ಆರಗದವರು ನೋಡ್ರಿ, ಒಬ್ಬರೂ ಬಿಟ್ಟಿಲ್ಲ."

ಆ ಕಾಯ್ದೆಯ ಸಲುವಾಗಿಯೇ ಇಷ್ಟೆಲ್ಲ ಓಡಾಟ. ಮಂದಿಯ ಖಾಸಗಿ ಮಾಹಿತಿ ಕಾಯಲು ದಿಲ್ಲಿಯಲ್ಲಿ ಕಾನೂನು ಆಗಿ, ಅದರ ನಿಯಮಗಳೂ ಬಂದಿದ್ದವು. ರೋಗಿಯ ಮಾಹಿತಿ ರೋಗಿಯದು, ಇಟ್ಟುಕೊಂಡವರು ಕಾವಲುಗಾರರು. ಯಾತಕ್ಕೆ ಬೇಕೆಂದು ಹೇಳಿ, ಹೂಂ ಅನಿಸಿಕೊಂಡು ಬಳಸಬೇಕು. ಸೋರಿದರೆ ಮುಚ್ಚಿಡದೆ ಆ ರೋಗಿಗೂ ಸರಕಾರದ ಮಂಡಳಿಗೂ ತಿಳಿಸಬೇಕು. ತಪ್ಪಿದರೆ ಕೋಟಿಗಟ್ಟಲೆ ದಂಡ. ಪೂರಾ ಜಾರಿಗೆ ಬರಲು ಇನ್ನೂ ಕಾಲಾವಕಾಶ ಇತ್ತಾದರೂ, ಪುಣೆಯ ದೊಡ್ಡ ಕಂಪನಿಯೊಂದು ಸಪ್ತಧಾರಾವನ್ನು ಕೊಳ್ಳಲು ಬಂದು ಕೂತಿತ್ತು. ಒಪ್ಪಿಗೆ ಎಲ್ಲ ಸರಿ ಇದೆಯೇ, ಎಲ್ಲಾದರೂ ಸೋರಿದೆಯೇ ಎಂದು ಕೆದಕಿ ಕೇಳುತ್ತಿತ್ತು. ಸೋರಿದ್ದು ಲ್ಯಾಬಿನ ತಪ್ಪಲ್ಲ, ಒಬ್ಬ ನೌಕರನ ಕಳ್ಳತನ ಎಂದು ತೋರಿಸಿಬಿಟ್ಟರೆ ವ್ಯವಹಾರ ಕುದುರುತ್ತದೆ. ರತ್ನದೀಪನ ಅವಸರ ಅದು.

"ಆರಗದ ಒಪ್ಪಿಗೆ ಎಲ್ಲಾ ಒಂದ ನಂಬರಿಂದ ಬಂದಾವಲ್ಲ, ನೋಡೀರೇನು?" ಎಂದಳು ಸ್ವಪ್ನಾಲಿ.

ಆ ಕಡೆ ಕೀಲಿಮಣೆ ಕುಟ್ಟುವ ಸದ್ದು. ಸ್ವಪ್ನಾಲಿ ಬಿಡಲಿಲ್ಲ.

"ಆ ನಂಬರಿನವರು ಸತ್ತು ವರ್ಷ ಆತು. ನಿಮ್ಮ ಒಪ್ಪಿಗೆ ಸಂದೇಶ ಹೋದದ್ದು ಅವರು ಸತ್ತ ಮ್ಯಾಲ. ನಾ ಈಗ ಅವರ ಮನಿಯೊಳಗ ಇದ್ದೀನಿ. ಊರಿಗೆ ಊರ ಸತ್ತವನ ಕೈಯಿಂದ ಹೂಂ ಅಂದದ ಅಂತ ಪುಣೆಯವರಿಗೆ ಬರದು ಕೊಡ್ಲೇನು?"

ರತ್ನದೀಪ ಕೆಮ್ಮಿದ. "ಹಂಗಾದ್ರ... ಅದನ್ನೂ ಅಮರನ ಲೆಕ್ಕಕ್ಕ ಹಾಕ್ರಿ. ಐದಕ್ಕ ನಾ ಠಾಣೆಗೆ ಹೊಂಟೆ. ನಿಮ್ಮ ಸಹಿ ಇದ್ರೂ ಸರಿ, ಇರದಿದ್ರೂ ಸರಿ." ಫೋನು ಇಟ್ಟುಬಿಟ್ಟ.

ಸ್ವಪ್ನಾಲಿ ಮುದುಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಮಾವಶಿ, ಸಿಮ್ ಎಲ್ಲಿ ಹೋತು?"

"ಮಿರಜದ ಮೊಬೈಲ್ ಅಂಗಡಿಗೆ ಕರಕೊಂಡು ಹೋಗಿ ನನ್ನ ಹೆಬ್ಬಟ್ಟು ಒತ್ತಿಸಿದ್ರು. ನಂಬರ ನನ್ನ ಹೆಸರಿಗೆ ಆತು. ಬ್ಯಾರೇ ಫೋನಿಗೆ ಹಾಕಿದ್ರು. ಇಲ್ಲಂದ್ರ ಊರ ಮಂದಿದು ಕಾಗದ ಎಲ್ಲಿ ಬರಬೇಕು?"

"ಯಾರು ಕರಕೊಂಡು ಹೋದವರು?"

"ಇನ್ಯಾರು? ಅಮರ."

ಸ್ವಪ್ನಾಲಿಯ ಬೆರಳಲ್ಲಿ ಸುತ್ತುತ್ತಿದ್ದ ಕೀಲಿ ನಿಂತಿತು. ಬೆಳಗ್ಗೆ ಇದೇ ಅಮರನನ್ನು ಎದುರಿಗೆ ಕೂರಿಸಿಕೊಂಡು ಕೇಳಿದ್ದಳು, ಆ ನಂಬರು ಯಾರ ಹತ್ತಿರ ಇದೆಯೆಂದು. ಅವನು ಕಣ್ಣಲ್ಲಿ ಕಣ್ಣಿಟ್ಟು, ಗೊತ್ತಿಲ್ಲ ಎಂದಿದ್ದ.

"ಈಗ ಆ ಫೋನ್ ಅವನ ಹತ್ರ ಅದನು?"

"ಅಂವ ಕೆಲಸಕ್ಕ ಹೋಗಾಂವ. ಕಾಜಲ ನೋಡಕೋತಾಳ. ಸಂಜೀಕ ಮಂದಿ ಬಂದು 'ನಂದು ಬಂತೇನವಾ' ಅಂತ ಕೇಳತಾರ, ಆಕಿ ಓದಿ ಹೇಳತಾಳ."

"ಇದನ್ನ ಮೊದಲ ಯಾಕ ಹೇಳಲಿಲ್ಲ?"

"ಅಯ್ಯ, ಯಾರು ಕೇಳಿದ್ರು? ಲ್ಯಾಬಿನವರು ಬಂದ್ರು, ಪಟದ ಫೋಟೋ ಹೊಡಕೊಂಡು ಹೋದ್ರು. ನೀ ಬಂದಿ, ಸತ್ತವರ ಮೊಬೈಲ್ ತೋರಸ್ರಿ ಅಂದಿ, ತೋರಿಸಿದ್ನಿ."

ಊರಿಗೆಲ್ಲ ಗೊತ್ತಿದ್ದ ಗುಟ್ಟು! ಹೊರಗಿನವರಿಗಷ್ಟೇ ಅದು ಗುಟ್ಟು. ಸ್ವಪ್ನಾಲಿ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ಮುದುಕಿ ಹೇಳಿದಂತೆ, ಕಾಜಲ ಕುರಿಮರಿಗಳನ್ನು ಹೊಡೆದುಕೊಂಡು ಕೆನಾಲಿನ ಕಡೆ ಹೋಗಿದ್ದಳು.

*

ಮ್ಹೈಸಾಳದಿಂದ ಪಂಪಿನಲ್ಲಿ ಏರಿಸಿ ಬಿಟ್ಟ ನೀರು ಕೆನಾಲಿನ ತುಂಬ ಕೆಂಪಗೆ ಓಡುತ್ತಿತ್ತು. ಆಚೆ ಕಬ್ಬು, ಈಚೆ ಕುರಿಮರಿಗಳು. ಸಿಮೆಂಟಿನ ದಂಡೆಯ ಮೇಲೆ ಕಾಲು ಇಳಿಬಿಟ್ಟು ಹುಡುಗಿಯೊಬ್ಬಳು ಕೂತಿದ್ದಳು. ಕೈಯಲ್ಲಿ ಮೊಬೈಲು. ಕೈಯನ್ನು ನೀರಿನ ಮೇಲೆ ಚಾಚಿದ್ದಳು.

ಸ್ವಪ್ನಾಲಿ ಸ್ಕೂಟಿ ಒರಗಿಸುವುದನ್ನೂ ಮರೆತು ಓಡಿದಳು. ಅದು ಹಿಂದೆ ದಡಾರನೆ ಬಿತ್ತು.

"ಹೆದರಬ್ಯಾಡ್ರಿ ಅಕ್ಕಾ, ಹಾರಾಕ ಬಂದಿಲ್ಲ," ಎಂದಳು ಕಾಜಲ, ತಿರುಗದೆಯೇ. "ನನಗ ಈಜು ಬರತೈತಿ. ಇದನ್ನ ನೀರಿಗೆ ಒಗೀಬೇಕು ಅಂತ ಬಂದೇನಿ. ಒಗದ್ರ ಊರ ಮಂದಿದೆಲ್ಲ ಹೊಕ್ಕೈತಿ. ಕೈ ಏಳವಲ್ದು."

"ನನ್ನ ಸಂದೇಶ ಓದಿದವಳು ನೀನ."

"ಹೂಂ. 'ನೀವು ಯಾರು' ಅಂತ ಬರದಿದ್ರಿ. ಏನಂತ ಬರೀಲಿ? ಸತ್ತ ದೊಡ್ಡಪ್ಪನ ಹೆಸರಿನ್ಯಾಗ ಕುಂತವಳು ಅಂತ ಬರೀಲೇನು?"

ಸ್ವಪ್ನಾಲಿ ಪಕ್ಕದಲ್ಲಿ ಕೂತಳು. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. ಚೀಲದಿಂದ ಕಾಗದ ತೆಗೆದು, ಮೂಲೆಯ ಕಪ್ಪು ಚೌಕದ ಮೇಲೆ ಬೆರಳಿಟ್ಟಳು. "ಇದು ಈ ಫೋನಿಗೆ ಬಂದ ಪ್ರತಿ. ಎಲ್ಲಿ ಪ್ರಿಂಟ್ ತಗಿಸಿದಿ?"

ಕಾಜಲ ದೂರ ಹೋದ ಮರಿಯೊಂದನ್ನು "ಹುರ್ರ್" ಎಂದು ಕೂಗಿ ಕರೆದಳು.

"ಕಾಜಲ, ನಿನ್ನ ಅಣ್ಣನ್ನ ಎಲ್ಲಿ ಇಟ್ಟಾರ ಗೊತ್ತದನು?"

"ಇಟ್ಟಾರ ಅಂದ್ರ? ಸೂಟಿ ಕೊಟ್ಟಾರ ಅಂದಿದ್ದ. ಇವತ್ತ ಪಗಾರ ಮಾತಾಡಾಕ ಹೋಗ್ಯಾನ."

"ಸೂಟಿ ಅಲ್ಲ. ಕೆಲಸದಿಂದ ತಗದಾರ. ಈಗ ಖೋಲಿಯೊಳಗ ಕುಂಡ್ರಿಸ್ಯಾರ. ಐದಕ್ಕ ಪೊಲೀಸರಿಗೆ ಕೊಡತಾರ. ನಿನ್ನ ರಿಪೋರ್ಟ್ ಕದ್ದು ಬೀಗರ ಮನಿಗೆ ಕಳಿಸಿದ ಅಂತ."

ಹುಡುಗಿಯ ಮುಖದ ಬಣ್ಣ ಇಳಿಯಿತು. ಸೆರಗಿನಂತೆ ಸುತ್ತಿಕೊಂಡಿದ್ದ ಓಢಣಿಯ ತುದಿ ಹಲ್ಲಿಗೆ ಹೋಯಿತು. 

"ಅಂವ ಅಲ್ರಿ," ಎಂದಳು ಕಡೆಗೆ. "ನಾನ. ಮಿರಜದ ಸ್ಟ್ಯಾಂಡ್ ಹತ್ರ ಝೆರಾಕ್ಸ್ ಅಂಗಡಿಯಾಗ ತಗಿಸಿ, ಪಾಕೀಟಿಗೆ ಹಾಕಿ, ಅವರ ಮನಿ ಕಟ್ಟಿ ಮ್ಯಾಲ ನಾನ ಇಟ್ಟು ಬಂದೇನಿ."

"ನಿನ್ನ ಮದುವೆ ನೀನ ಮುರದಿ?"

"ನನ್ನ ರೋಗ, ನನ್ನ ಕಾಗದ. ಅದೂ ಗುಳಿಗಿ ನುಂಗಿ ಅಗದೀ ಆರಾಮ ಆಗಿ ಹೋದದ್ದು. ನಂದು ನಾ ಕೊಟ್ರ ತಪ್ಪೇನು?"

ತಪ್ಪಲ್ಲ. ಸ್ವಪ್ನಾಲಿಗೆ ಒಂದು ಗಳಿಗೆ ಎದೆ ಹಗುರವಾಯಿತು. ತನ್ನ ಮಾಹಿತಿಯನ್ನು ತಾನೇ ಯಾರಿಗಾದರೂ ತೋರಿಸಿದರೆ ಅದು ಸೋರಿಕೆಯೂ ಅಲ್ಲ, ಕಳವೂ ಅಲ್ಲ. ಈ ಹುಡುಗಿ ಲ್ಯಾಬಿಗೆ ಬಂದು ಇದೇ ಮಾತು ಹೇಳಿದರೆ ರತ್ನದೀಪನ ದೂರು ಹರಿದ ಕಾಗದ.

"ಏಳು. ಗಾಡಿ ಹತ್ತು. ಮಿರಜಕ್ಕ ಹೋಗಿ ಇಷ್ಟ ಹೇಳು ಸಾಕು."

"ಯಾಕ ಕಳಿಸಿದಿ ಅಂತ ಕೇಳತಾರಲ್ರೀ?"

"ಕೇಳತಾರ. ಹೇಳು."

"ನಕೋ ಅಕ್ಕಾ." ಕಾಜಲ ತಲೆ ಅಲ್ಲಾಡಿಸಿದಳು. "ಅದೊಂದು ಆಗಂಗಿಲ್ಲ."

"ನಿನ್ನ ಅಣ್ಣ ಜೈಲಿಗೆ ಹೋದ್ರೂ ಆಗಂಗಿಲ್ಲೇನು?"

ಮಾತು ಚುಚ್ಚಿತು. ಕಾಜಲ ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಆಮೇಲೆ ಹೇಳತೊಡಗಿದಳು, ನೀರಿನ ಕಡೆ ನೋಡುತ್ತಲೇ. ಮದುವೆ ಗೊತ್ತಾಗಿದ್ದು ಮ್ಹೈಸಾಳದ ಅಜಿತನ ಜೊತೆ. ಸಾವಂತ್ರವ್ವನ ಅಣ್ಣನ ಮಗ. ದೊಡ್ಡವ್ವ ತಾನೇ ನಿಂತು, ತವರಿನವರ ಕಾಲು ಹಿಡಿದು, ಜೋಡಿಸಿದ ಸಂಬಂಧ. ಒಂದು ದಿನ ಮಂದಿಯ ರಿಪೋರ್ಟುಗಳ ನಡುವೆ ಅಜಿತನ ಹೆಸರಿನ ರಿಪೋರ್ಟೂ ಈ ಫೋನಿಗೆ ಬಂತು. ತೆರೆಯಬಾರದಿತ್ತು. ತೆರೆದಳು.

"ಏನಿತ್ತು?"

"ಅವರಿಂದ ಮಕ್ಕಳಾಗೂದಿಲ್ಲ ಅಂತ." ಕಾಜಲಳ ದನಿ ಬತ್ತಿತ್ತು. "ಅವರಿಗೆ ಗೊತ್ತೈತೋ ಇಲ್ಲೋ. ಗೊತ್ತಿದ್ದ ಮುಚ್ಚಿಟ್ರೋ ಏನೋ. ನಾಳೆ ಮಂದಿ ಬಂಜಿ ಅನ್ನೂದು ಯಾರಿಗೆ? ನನಗ. ಬ್ಯಾಡ ಅಂದ್ರ ಯಾಕ ಅಂತ ಕೇಳತಾರ. ಖರೇ ಹೇಳಿದ್ರ ದೊಡ್ಡವ್ವನ ತವರಮನಿ ಮಾನ ಹೋತು, ಹುಡುಗನ ತಂಗಿಗೂ ವರ ಸಿಗಂಗಿಲ್ಲ. ಅದಕ್ಕ ನನ್ನ ಮ್ಯಾಲ ತಗೊಂಡೆ. ಹೋಗಲಿ, ನನಗ ಟೀಬಿ ಇತ್ತು ಅಂತ ಬಿಟ್ರ ಬಿಡಲಿ."

ಸ್ವಪ್ನಾಲಿ ಮನಸ್ಸಿನಲ್ಲೇ ತೂಗಿ ನೋಡಿದಳು. ಅಣ್ಣನನ್ನು ಬಿಡಿಸಲು ಈ ಹುಡುಗಿ ಬಾಯಿ ಬಿಟ್ಟರೆ, ಇನ್ನೊಬ್ಬ ಗಂಡಸಿನ ಗುಟ್ಟು ಠಾಣೆಯ ಮೇಜಿನ ಮೇಲೆ ಬೀಳುತ್ತದೆ. ಇವಳು ನೋಡಬಾರದ್ದನ್ನು ನೋಡಿದಳೆಂದೂ ಆಗುತ್ತದೆ. ಬಾಯಿ ಮುಚ್ಚಿಕೊಂಡರೆ ಅಮರ ಹೋದ.

"ಒಪ್ಪಿಗೆ?" ಎಂದು ಕೇಳಿದಳು. "ಊರ ಮಂದಿದೆಲ್ಲ ಹೂಂ ಒತ್ತಿದವರು ಯಾರು?"

"ಅಣ್ಣ. ಮನಿಮನಿಗೆ ಹೋಗಿ ಕೇಳೂದು ಯಾವಾಗ, ಎಲ್ಲಾರೂ ನಮ್ಮವರ, ಯಾರು ಬ್ಯಾಡ ಅಂತಾರ ಅಂದ. ಲ್ಯಾಬಿನ್ಯಾಗ ಸಾಹೇಬರು ಅವಸರ ಮಾಡಾಕತ್ತಿದ್ರು. ಕುಂತ ಕುಂತಲ್ಲೇ ಎಲ್ಲಾರದೂ ಒತ್ತಿಬಿಟ್ಟ."

ಅದಕ್ಕೇ ಅಮರ ಬೆಳಗ್ಗೆ ಗೊತ್ತಿಲ್ಲ ಅಂದದ್ದು. ದೊಡ್ಡಪ್ಪ ಊರಿನ ಕಾಗದ ಹೊತ್ತು ತಂದಂತೆ ಇವನು ಊರಿನ ಒಪ್ಪಿಗೆ ಹೊತ್ತು ಕೊಟ್ಟಿದ್ದ. ದೊಡ್ಡಪ್ಪನ ಕಾಲಕ್ಕೆ ಅದು ಉಪಕಾರ, ಈಗ ಅಪರಾಧ.

ಆಗಲೇ ಹುಲಿಗೆಪ್ಪನ ನಂಬರಿನ ಫೋನು ಕಾಜಲಳ ಕೈಯಲ್ಲಿ ನಡುಗಿತು. ಇಬ್ಬರೂ ಬಗ್ಗಿ ನೋಡಿದರು. ಸಪ್ತಧಾರಾ ಲ್ಯಾಬಿನ ನಂಬರಿನಿಂದ ಬಂದ ಸಂದೇಶ, ಮರಾಠಿಯಲ್ಲಿ. ಕಾಜಲ ತುಟಿ ಆಡಿಸುತ್ತ ಓದಿದಳು. ಅದರ ಸಾರ ಇಷ್ಟು: 'ಕಾಜಲ, ಅಜಿತನ ಹೆಸರಿನಲ್ಲಿ ಬಂದ ರಿಪೋರ್ಟ್ ಅವನದಲ್ಲ. ತಪ್ಪಿ ಬಂದದ್ದು. ಈಗಲೇ ಅಳಿಸಿಬಿಡು. ಅಳಿಸಿದರೆ ನಿನ್ನ ಅಣ್ಣ ಸಂಜೆ ಮನೆಗೆ ಬರುತ್ತಾನೆ.'

"ನನ್ನ ಹೆಸರ ಹೆಂಗ ಗೊತ್ತು ಇವರಿಗೆ?" ಕಾಜಲ ಪಿಸುಗುಟ್ಟಿದಳು.

ಸ್ವಪ್ನಾಲಿ ಕೇಳಿಕೊಳ್ಳುತ್ತಿದ್ದದ್ದೂ ಅದನ್ನೇ. ನಂಬರು ಸತ್ತವನದೆಂದು ಈಗಷ್ಟೇ ಕೇಳಿ ಬೆಚ್ಚಿದವನಂತೆ ಕೆಮ್ಮಿದ್ದ ರತ್ನದೀಪ. ಫೋನು ಕಾಜಲಳ ಕೈಯಲ್ಲಿದೆಯೆಂದು ಅವನಿಗಾಗಲಿ, ಆ ಲ್ಯಾಬಿನಲ್ಲಿ ಬೇರೆ ಯಾರಿಗಾಗಲಿ, ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಅಮರನ ಕೊರಳು ಹಿಡಿದಿದ್ದರು.

"ಅವರದಲ್ಲಂತ," ಎಂದಳು ಕಾಜಲ. ಕಣ್ಣಲ್ಲಿ ನೀರು ತುಂಬಿ, ನಗುವೂ ಬಂದಂತಾಗಿ, ಎರಡೂ ನಿಂತವು. "ಖರೇ ಇರಬಹುದೇನ್ರಿ? ಸುಳ್ಳೇನ್ರಿ? ಅಳಸ್ಲೇನು? ಅಳಿಸಿದ್ರ ಅಣ್ಣ ಬರತಾನ."

ಹೆಬ್ಬೆರಳು ಆ ರಿಪೋರ್ಟಿನ ಮೇಲೆ ಹೋಯಿತು. ಸ್ವಪ್ನಾಲಿ ಮಣಿಕಟ್ಟು ಹಿಡಿದಳು.

"ಅಳಿಸಿದಿ ಅಂದ್ರ ಲ್ಯಾಬು ತಪ್ಪು ಮಾಡಿದ್ದಕ್ಕ ಸಾಕ್ಷಿ ಇಲ್ಲ. ನಾಳೆ ನಿಮ್ಮಣ್ಣನ್ನ ಮತ್ತ ಒಯ್ದ್ರ ಏನ್ ಮಾಡ್ತಿ? ಅವರದೋ ಅಲ್ಲೋ ಅಂತ ಹೇಳಾಂವ ಜಗತ್ತಿನ್ಯಾಗ ಒಬ್ಬನ ಇದ್ದಾನ. ಅವನ್ನ ಕೇಳು."

"ಯಾವ ಮಾರಿ ಹೊತ್ತು ಕೇಳಲಿ?"

"ಫೋನಿನ್ಯಾಗ ಮಾರಿ ಕಾಣೂದಿಲ್ಲ. ಹಚ್ಚು."

ಕಾಜಲ ಓಢಣಿಯಿಂದ ಮುಖ ಒರೆಸಿಕೊಂಡಳು. ಹಚ್ಚಿದಳು. ಸ್ಪೀಕರಿನ ಮೇಲೆ ಹಾಕಿದಳು. ಗಂಟೆ ಹೋಗುತ್ತಲೇ ಇತ್ತು. ಕಡೆಗೆ ಗಾಳಿಯ ಸದ್ದು, ಮೋಟರ್ ಸೈಕಲಿನ ಸದ್ದು.

"ಯ... ಯಾರು? ಮಾವಾ?" ಸತ್ತವನ ನಂಬರು ಕಂಡ ಗಂಡಸಿನ ದನಿ ಒಡೆದು ಬಂತು.

"ನಾನ್ರೀ. ಕಾಜಲ. ಗಾಡಿ ಮ್ಯಾಲಿದ್ರ ಬಾಜೂಕ ಹಚ್ಚರಿ."

ಮೋಟರಿನ ಸದ್ದು ನಿಂತಿತು. "ಹಚ್ಚೇನಿ. ಹೇಳು. ನಿನ್ನ ಕೂಡ ಮಾತಾಡಬೇಕಂತ ಎಷ್ಟ ಸಲ ಅನ್ಕೊಂಡೆ. ಆ ಟೀಬಿ ಕಾಗದದ್ದು ನಮ್ಮಪ್ಪನ ಕಿರಿಕಿರಿ, ನಂದಲ್ಲ..."

"ಅದು ಇರಲಿ. ನೀವು ಸಪ್ತಧಾರಾ ಲ್ಯಾಬಿನ್ಯಾಗ ತಪಾಸಣಿ ಮಾಡಿಸಿದ್ರಲ್ಲ, ಹೋದ ತಿಂಗಳ..."

"ಯಾವ ಲ್ಯಾಬು?"

"ಮಿರಜದ್ದು."

"ನಾ ಯಾವ ಲ್ಯಾಬಿಗೂ ಹೋಗಿಲ್ಲ ಕಾಜಲ. ಯಾತರ ತಪಾಸಣಿ? ಯಾರು ಹೇಳಿದ್ರು ನಿನಗ?"

ಕಾಜಲ ಫೋನನ್ನು ಪಕ್ಕಕ್ಕೆ ಚಾಚಿದಳು. ಸ್ವಪ್ನಾಲಿ ಮೆಲ್ಲಗೆ ಫೋನು ತೆಗೆದುಕೊಂಡು, ಆ ಕಡೆ ಅಜಿತ "ಹಲೋ, ಹಲೋ" ಎನ್ನುತ್ತಿದ್ದಂತೆಯೇ, ಲ್ಯಾಬಿನ ಸಂದೇಶಗಳನ್ನು ಬೆರಳಿನಿಂದ ಮೇಲೆ ಸರಿಸಿದಳು. ಅಜಿತನ ರಿಪೋರ್ಟು. ಅದರ ಮೇಲೆ, ಹಿಂದಿನ ದಿನದ್ದು, ಲ್ಯಾಬಿನ ಪ್ರಶ್ನೆ: 'ಅಜಿತ ಅವರೇ, ನೀವು ಇಂದು ಮಾದರಿ ಕೊಟ್ಟಿದ್ದೀರಿ. ತಪಾಸಣೆಗೆ ನಿಮ್ಮ ಒಪ್ಪಿಗೆ ಇದೆಯೇ?' ಅದರ ಕೆಳಗೆ ಈ ಫೋನಿನಿಂದ ಹೋದ ಉತ್ತರ. 'ಹೌದು.'

ಎಲ್ಲರ ಹೌದು ಒಂದೇ ದಿನ ಹೋಗಿತ್ತು. ಇದೊಂದು ಬೇರೆ ದಿನದ್ದು. ಒಂಟಿಯಾಗಿ ಹೋಗಿತ್ತು. ಅಜಿತ ಕೊಡದ ಮಾದರಿಗೆ ಯಾರೋ ಈ ಫೋನಿನಿಂದಲೇ ಹೂಂ ಅಂದಿದ್ದರು.

"ಇದನ್ನ ನೀ ಒತ್ತಿದ್ದೇನು?"

ಕಾಜಲ ದಿನಾಂಕ ನೋಡಿದಳು. ಮತ್ತೆ ನೋಡಿದಳು. ನೀರಿನ ಸದ್ದಿನಲ್ಲಿ ಅವಳ ದನಿ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣದಾಗಿತ್ತು.

"ಅವತ್ತ ಫೋನ್ ನನ್ನ ಹತ್ರ ಇರಲಿಲ್ಲ ಅಕ್ಕಾ. ಅಣ್ಣ ಒಯ್ದಿದ್ದ."